ಒಂದೆಕರೆ ರಾಗಿ ಹೊಲ, ಮೂರು ಗಡಿಯಾರ

ಮೇ ತಿಂಗಳಲ್ಲಿ ಗುಡುಗು ಮಳೆ ಹೊಯ್ದು ನಿಂತ ಸಂಜೆ ಹೊಲದ ಬದುವನ್ನು ಬಗ್ಗಿ ನೋಡಿ. ಬೆಳಿಗ್ಗೆ ಇಲ್ಲದ ತೂತುಗಳು ಅಲ್ಲಲ್ಲಿ ಬಾಯಿ ತೆರೆದಿರುತ್ತವೆ. ಮೊದಲು ದಪ್ಪ ತಲೆಯ ಕಾವಲು ಗೆದ್ದಲುಗಳು ಬಾಯಲ್ಲಿ ಬಂದು ನಿಲ್ಲುತ್ತವೆ. ಆಮೇಲೆ ಅವುಗಳ ನಡುವಿನಿಂದ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಒಂದರ ಹಿಂದೆ ಒಂದು ಹೊರಬಿದ್ದು, ಹುಲ್ಲುಕಡ್ಡಿ ಹತ್ತಿ, ರೆಕ್ಕೆ ಕೊಡವಿ ಹಾರುತ್ತವೆ. ಎರಡು ನಿಮಿಷದೊಳಗೆ ಕಾಜಾಣ ಹಾಜರು. ಗೊರವಂಕ, ಓತಿಕ್ಯಾತ, ಬಿಲದಿಂದ ಎದ್ದು ಬಂದ ಕಪ್ಪೆ, ಇರುವೆ ಸಾಲು, ಎಲ್ಲವೂ ಅದೇ ತೂತಿಗೆ ಮುತ್ತುತ್ತವೆ. ಕತ್ತಲಾಗುವಷ್ಟರಲ್ಲಿ ಊಟ ಮುಗಿದು ನೆಲದ ಮೇಲೆ ಬರೀ ರೆಕ್ಕೆ ಉಳಿದಿರುತ್ತದೆ.

ಈ ಊಟದ ದಿನ ಗೊತ್ತುಮಾಡಿದ್ದು ಮಳೆ. ಆದರೆ ಇದೇ ಹೊಲಕ್ಕೆ ಸೆಪ್ಟೆಂಬರಿನಲ್ಲಿ ಬಾಲ ಕುಣಿಸುತ್ತ ಬಂದಿಳಿಯುವ ಕುಂಡೆಕುಸ್ಕ ಹಕ್ಕಿಗೆ ನಮ್ಮ ಮಳೆಯ ಹಂಗಿಲ್ಲ. ಬರಗಾಲದ ವರ್ಷವೂ ಅದು ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಇನ್ನು ಬೆಳ್ಳಕ್ಕಿಗೆ ತಿಂಗಳೂ ಬೇಡ, ಮಳೆಯೂ ಬೇಡ. ಟ್ರ್ಯಾಕ್ಟರ್ ಹೊಲಕ್ಕಿಳಿದ ಸದ್ದು ಸಾಕು.

ಹೊಲದ ಜೀವಿಗಳನ್ನು ಗಮನಿಸುವ ಕೆಲಸವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಹೊಲದಲ್ಲಿ ಮೂರು ಗಡಿಯಾರ ಒಟ್ಟಿಗೆ ಓಡುತ್ತಿವೆ: ಒಂದು ಮಳೆಯದು, ಒಂದು ಹಗಲಿನ ಉದ್ದದ್ದು, ಒಂದು ಬೇಸಾಯದ್ದು. ಯಾವ ಜೀವಿ ಯಾವ ಗಡಿಯಾರ ನೋಡಿಕೊಂಡು ಬದುಕುತ್ತಿದೆ ಎಂದು ಬಿಡಿಸಿಕೊಳ್ಳದಿದ್ದರೆ ಎಷ್ಟು ವರ್ಷ ನೋಡಿದರೂ ಕೈಗೆ ಸಿಗುವುದು ಹೆಸರುಗಳ ಪಟ್ಟಿ ಮಾತ್ರ.

ಇಲ್ಲಿ ಹೇಳುವುದೆಲ್ಲ ದಕ್ಷಿಣ ಕರ್ನಾಟಕದ ಕೆಂಪು ಮಣ್ಣಿನ ಖುಷ್ಕಿ ಹೊಲಕ್ಕೆ ಸೇರಿದ್ದು. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರ, ಮಂಡ್ಯ, ಹಾಸನದ ಪೂರ್ವದ ತಾಲ್ಲೂಕುಗಳು. ರಾಗಿ, ಅದರ ನಡುವೆ ಅವರೆ-ಹುಚ್ಚೆಳ್ಳಿನ ಅಕ್ಕಡಿ ಸಾಲು, ಸುತ್ತ ಬದು, ಬದುವಿನ ಮೇಲೆ ಒಂದೆರಡು ಹೊಂಗೆ, ಬೇವು, ಮೂಲೆಯಲ್ಲೊಂದು ಹುಣಸೆ. ಧಾರವಾಡದ ಕಪ್ಪು ಮಣ್ಣಿಗೆ, ಮಲೆನಾಡಿನ ಗದ್ದೆಗೆ ತಿಂಗಳುಗಳು ಬೇರೆ, ಹಕ್ಕಿಗಳೂ ಸಾಕಷ್ಟು ಬೇರೆ. ನೋಡುವ ಕ್ರಮ ಮಾತ್ರ ಅದೇ.

ದಾರಿ, ಹೊತ್ತು, ಪುಸ್ತಕ

ಒಂದೆಕರೆ ಎಂದರೆ 40 ಗುಂಟೆ, 4,047 ಚದರ ಮೀಟರ್. ಹೊಲ ಚೌಕವಾಗಿದ್ದರೆ ಒಂದು ಬದಿ ಸುಮಾರು 64 ಮೀಟರ್, ಸುತ್ತು ಬಂದರೆ ಸುಮಾರು 255 ಮೀಟರ್. ಸುಮ್ಮನೆ ನಡೆದರೆ ನಾಲ್ಕು ನಿಮಿಷದ ದಾರಿ. ಅದನ್ನೇ 25 ನಿಮಿಷ ಮಾಡಬೇಕು. ಬದುವಿನ ಮೇಲೆ ಆರು ಜಾಗ ಗೊತ್ತುಮಾಡಿ, ಒಂದೊಂದು ಕಡೆ ಮೂರು ನಿಮಿಷ ಅಲುಗಾಡದೆ ನಿಲ್ಲಿ. ಮೊದಲ ನಿಮಿಷ ನಿಮ್ಮನ್ನು ಕಂಡು ಅಡಗಿದ್ದು ಮೂರನೆಯ ನಿಮಿಷದಲ್ಲಿ ಹೊರಗೆ ಬರುತ್ತದೆ. ನಿಲ್ಲದೆ ನಡೆಯುವವರಿಗೆ ಬುರ್ಲಿ, ನೆಲಗುಬ್ಬಿಯಂಥ ನೆಲದ ಹಕ್ಕಿಗಳು ಕಾಣದಿರುವುದು ಇದೇ ಕಾರಣಕ್ಕೆ. ಒಂದು ಜಾಗ ಮರದ ಕೆಳಗಿರಲಿ, ಒಂದು ಹೊಲದ ತಗ್ಗು ಮೂಲೆಯಲ್ಲಿ, ಅಂದರೆ ಮಳೆನೀರು ನಿಲ್ಲುವ ಕಡೆ. ಉಳಿದವು ಹೇಗಾದರೂ ಇರಲಿ, ಆದರೆ ಒಮ್ಮೆ ಆರಿಸಿದ ಮೇಲೆ ಬದಲಿಸಬಾರದು.

ಸೂರ್ಯ ಹುಟ್ಟಿದ ಅರ್ಧ ಗಂಟೆಗೆ ಶುರು ಮಾಡಿದರೆ ಒಳ್ಳೆಯದು. ವಾರಕ್ಕೆ ಒಂದು ಬೆಳಿಗ್ಗೆ, ಒಂದು ಸಂಜೆ ಸಾಕು. ದಿನಾ ಹೋಗುತ್ತೇನೆ ಎಂದು ಹೊರಟವರು ಸಾಮಾನ್ಯವಾಗಿ ಎರಡನೇ ತಿಂಗಳಿಗೆ ಬಿಡುತ್ತಾರೆ. ವಾರಕ್ಕೆ ಎರಡು ಸಲದವರು ವರ್ಷಗಟ್ಟಲೆ ಮಾಡುತ್ತಾರೆ.

ಪುಸ್ತಕಕ್ಕೆ 200 ಪುಟದ ಗೆರೆ ನೋಟ್‌ಬುಕ್ಕು, ಪೆನ್ಸಿಲ್ಲು. ಪೆನ್ನಿನ ಶಾಯಿ ಇಬ್ಬನಿಗೆ ಹರಡಿ ಹಾಳಾಗುತ್ತದೆ. ಪ್ರತಿ ಸಲ ಬರೆಯಬೇಕಾದದ್ದು: ತಾರೀಕು, ಶುರುವಾದ ಹೊತ್ತು, ಮುಗಿದ ಹೊತ್ತು, ಮೋಡ-ಗಾಳಿ, ಹಿಂದಿನ 24 ಗಂಟೆಯ ಮಳೆ ಎಷ್ಟು ಮಿಲಿಮೀಟರ್, ನಿಮ್ಮ ಹೊಲದಲ್ಲೂ ಪಕ್ಕದ ಹೊಲದಲ್ಲೂ ಆ ವಾರ ನಡೆದ ಕೆಲಸ. ಆಮೇಲೆ ಕಂಡ ಜೀವಿ, ಎಷ್ಟು, ಎಲ್ಲಿ, ಏನು ಮಾಡುತ್ತಿತ್ತು. ಕೊನೆಯ ಈ ಕಲಮನ್ನೇ ಹೆಚ್ಚಿನವರು ಖಾಲಿ ಬಿಡುತ್ತಾರೆ. ‘ಗೊರವಂಕ 2’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ‘ಗೊರವಂಕ 2, ಕೊಕ್ಕಿನಲ್ಲಿ ಒಣಹುಲ್ಲು, ಹುಣಸೆಮರದ ಪೊಟರೆ ಕಡೆಗೆ’ ಎಂದು ಬರೆದರೆ ಗೂಡು ಶುರುವಾದ ವಾರ ದಾಖಲಾಯಿತು.

ಪುಟಗಳನ್ನು ತಿಂಗಳ ಲೆಕ್ಕದಲ್ಲಿ ಹಂಚುವುದಕ್ಕಿಂತ ಮಳೆ ನಕ್ಷತ್ರದ ಲೆಕ್ಕದಲ್ಲಿ ಹಂಚುವುದು ಹೊಲಕ್ಕೆ ಚೆನ್ನಾಗಿ ಒಗ್ಗುತ್ತದೆ. ಸೂರ್ಯ 27 ನಕ್ಷತ್ರಗಳನ್ನು ವರ್ಷದಲ್ಲಿ ದಾಟುವುದರಿಂದ ಒಂದೊಂದಕ್ಕೆ ಹದಿಮೂರೂವರೆ ದಿನ ಸಿಗುತ್ತದೆ. ಭರಣಿ ಏಪ್ರಿಲ್ 27ರ ಸುಮಾರಿಗೆ, ರೋಹಿಣಿ ಮೇ 25ಕ್ಕೆ, ಮೃಗಶಿರ ಜೂನ್ 8ಕ್ಕೆ, ಮಖೆ ಆಗಸ್ಟ್ 17ಕ್ಕೆ, ಹಸ್ತ ಸೆಪ್ಟೆಂಬರ್ 27ಕ್ಕೆ, ಸ್ವಾತಿ ಅಕ್ಟೋಬರ್ 24ಕ್ಕೆ ಹುಟ್ಟುತ್ತವೆ. ಒಂದು ದಿನ ಆಚೆ ಈಚೆ ಆಗಬಹುದು, ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಇರುತ್ತದೆ. ತಿಂಗಳು ಎಂಬುದು ಹೊಲದ ಮಟ್ಟಿಗೆ ತೀರ ದೊಡ್ಡ ತುಂಡು. ಜೂನ್ ಒಂದಕ್ಕೂ ಜೂನ್ ಮೂವತ್ತಕ್ಕೂ ಹೊಲ ಬೇರೆಯದೇ ಆಗಿರುತ್ತದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಮಾತು ಕಟ್ಟಿದವರು ಈ ಹದಿನೈದು ದಿನದ ಅಳತೆಯನ್ನೇ ಹಿಡಿದಿದ್ದರು. ಇನ್ನೊಂದು ಅನುಕೂಲ, ಊರಿನ ಹಿರಿಯರನ್ನು ಕೇಳಿ ಹಳೆಯ ವಿಷಯ ಬರೆದುಕೊಳ್ಳುವಾಗ ಅವರು ಹೇಳುವುದೂ ‘ಆರಿದ್ರೆ ಮಳೇಲಿ’ ಎಂದೇ.

ಮಳೆ ಅಳೆಯದೆ ಮುಂದಿನದು ಸಾಗದು

‘ಚೆನ್ನಾಗಿ ಬಂತು’ ಎಂಬುದು ಅಳತೆಯಲ್ಲ. ಮಳೆಮಾಪಕ ಮನೆಯಲ್ಲೇ ಮಾಡಬಹುದು, ಆದರೆ ಅಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಬಾಟಲಿಗೆ ಆಲಿಕೆ ಇಟ್ಟು, ಬಾಟಲಿಯಲ್ಲಿ ನಿಂತ ನೀರಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಅದೇ ಮಳೆ ಎಂದುಕೊಳ್ಳುವುದು. ಆಲಿಕೆಯ ಬಾಯಿ ಬಾಟಲಿಗಿಂತ ಅಗಲವಿದ್ದರೆ ಮಳೆ ಎರಡು ಮೂರು ಪಟ್ಟು ಹೆಚ್ಚಾಗಿ ಕಾಣುತ್ತದೆ. ಸರಿಯಾದ ಲೆಕ್ಕ ಹೀಗೆ: ಆಲಿಕೆಯ ಬಾಯಿಯ ವ್ಯಾಸ 10 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ಮಳೆಗೆ ಅದರೊಳಗೆ ಬೀಳುವ ನೀರು 7.85 ಮಿಲಿಲೀಟರ್. ಕೂಡಿದ ನೀರನ್ನು ಟಾನಿಕ್ ಜೊತೆ ಬರುವ ಅಳತೆ ಮುಚ್ಚಳದಲ್ಲೋ ಸಿರಿಂಜಿನಲ್ಲೋ ಅಳೆದು 7.85ರಿಂದ ಭಾಗಿಸಿ. 157 ಮಿಲಿಲೀಟರ್ ಸಿಕ್ಕರೆ 20 ಮಿಲಿಮೀಟರ್ ಮಳೆ. ಒಂದೆಕರೆಯ ಮೇಲೆ ಅದು ಸುಮಾರು 81,000 ಲೀಟರ್ ನೀರು.

ಮಾಪಕದ ಬಾಯಿ ನೆಲದಿಂದ ಒಂದಡಿ ಎತ್ತರದಲ್ಲಿ, ಮಟ್ಟವಾಗಿ ಇರಲಿ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿ ಇಡಿ. ಇಲ್ಲವಾದರೆ ಗಾಳಿಮಳೆಯಲ್ಲಿ ಮರ ಅರ್ಧ ಮಳೆಯನ್ನು ತಡೆಯುತ್ತದೆ, ನಿಂತ ಮೇಲೆ ಎಲೆಯಿಂದ ತೊಟ್ಟಿಕ್ಕಿ ಸೇರಿಸುತ್ತದೆ. ಅಳೆಯುವ ಹೊತ್ತು ಬೆಳಿಗ್ಗೆ ಎಂಟೂವರೆ. ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದೂ ಆಗಲೇ. 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅವರ ಲೆಕ್ಕದಲ್ಲಿ ಅದು ‘ಮಳೆಯ ದಿನ’.

ಅಂಕಿಯ ಜೊತೆಗೆ ನೆಲ ಎಷ್ಟು ನೆನೆಯಿತು ಎಂಬುದನ್ನೂ ಹಾರೆಯಿಂದ ಚುಚ್ಚಿ ನೋಡಿ ಬರೆಯಿರಿ: ಎರಡು ಬೆರಳು, ಒಂದು ಗೇಣು. ಒಂದು ತಿಂಗಳು ಕಾದ ನೆಲದ ಮೇಲೆ ರಭಸವಾಗಿ ಬಿದ್ದ 20 ಮಿಲಿಮೀಟರಿನಲ್ಲಿ ಹೆಚ್ಚಿನದು ಹರಿದು ಹೋಗಬಹುದು. ಅದೇ ಸೋನೆಯಾಗಿ ಬಿದ್ದರೆ ಇಂಗುತ್ತದೆ. ಮಣ್ಣಿನೊಳಗಿನ ಜೀವಿಗೆ ಗೊತ್ತಾಗುವುದು ಇಂಗಿದ ನೀರು ಮಾತ್ರ.

ಮಳೆ ನೋಡಿ ಏಳುವವು

ಈ ಸೀಮೆಯ ಮಳೆಗೆ ಎರಡು ಗುಡ್ಡ, ನಡುವೆ ಒಂದು ತಗ್ಗು. ಮೇ ತಿಂಗಳ ಗುಡುಗು ಮಳೆ ಮೊದಲ ಗುಡ್ಡ, ಸೆಪ್ಟೆಂಬರ್-ಅಕ್ಟೋಬರಿನದು ಎರಡನೆಯ ಮತ್ತು ದೊಡ್ಡ ಗುಡ್ಡ. ಜೂನ್-ಜುಲೈನಲ್ಲಿ ಮಲೆನಾಡು ನೆನೆಯುತ್ತಿರುವಾಗ ಇಲ್ಲಿ ಗಾಳಿ, ಮೋಡ, ಹನಿ. ಪಠ್ಯಪುಸ್ತಕದ ‘ಜೂನ್‌ನಲ್ಲಿ ಮಳೆಗಾಲ’ ಎಂಬುದನ್ನು ತಲೆಯಲ್ಲಿಟ್ಟುಕೊಂಡು ಹೊಲ ನೋಡಿದರೆ ಮೇ ತಿಂಗಳ ಗದ್ದಲವೆಲ್ಲ ಕೈತಪ್ಪುತ್ತದೆ.

ಮೊದಲ ಹದ ಮಳೆಗೆ ಏಳುವವು ಈಸಲು ಮಾತ್ರವಲ್ಲ. ಮುಸ್ಸಂಜೆ ಮಣ್ಣಿನಿಂದ ಕಂದು ದುಂಬಿಗಳು ಎದ್ದು ಬೇವಿನ ಮರಕ್ಕೆ ಹಾರುತ್ತವೆ. ಬೇರು ತಿನ್ನುವ ಗೊಣ್ಣೆಹುಳುವಿನ ತಾಯಿ ತಂದೆ ಇವೇ. ಕೆಲವು ದಿನದಲ್ಲಿ ಕೆಂಪುತಲೆ ಕಂಬಳಿಹುಳುವಿನ ಪತಂಗ ದೀಪಕ್ಕೆ ಬರುತ್ತದೆ. ಕಡಲೆಕಾಯಿ ಹಾಕುವವರಿಗೆ ಈ ತಾರೀಕು ಬರೀ ಕುತೂಹಲದ್ದಲ್ಲ. ಪತಂಗ ದೀಪಕ್ಕೆ ಬಂದ ರಾತ್ರಿ ಗೊತ್ತಿದ್ದರೆ ಎಲೆಯ ಅಡಿಯ ಮೊಟ್ಟೆ ಗುಂಪನ್ನು ಹುಡುಕಿ ಕೀಳಲು ಸಮಯ ಸಿಗುತ್ತದೆ. ಹುಳು ದೊಡ್ಡದಾಗಿ ಬದು ಹತ್ತಿ ಸಾಲುಗಟ್ಟಿದ ಮೇಲೆ ಏನು ಹೊಡೆದರೂ ಅಷ್ಟಕ್ಕಷ್ಟೆ.

ಮಖಮಲ್ಲಿನಂಥ ಕಡುಗೆಂಪು ಇಂದ್ರಗೋಪವೂ ಆಗಲೇ ಕಾಣುವುದು. ಹುಳು ಎನ್ನುತ್ತೇವೆ, ಆದರೆ ಕಾಲು ಎಣಿಸಿದರೆ ಎಂಟು: ಅದು ಜೇಡ, ಉಣ್ಣೆಗಳ ಬಳಗ. ಗೆದ್ದಲು ಮತ್ತು ಸಣ್ಣ ಕೀಟಗಳ ಮೊಟ್ಟೆ ಅದರ ಆಹಾರ, ಹಾಗಾಗಿ ಈಸಲು ಎದ್ದ ಹೊತ್ತಿಗೇ ಅದೂ ಎದ್ದಿರುತ್ತದೆ. ಕೆಲವು ಗಂಟೆ ನೆಲದ ಮೇಲೆ ಓಡಾಡಿ ಮತ್ತೆ ಮಣ್ಣಿಗೆ ಇಳಿಯುತ್ತದೆ. ಮಳೆಯ ಮರುದಿನ ಬೆಳಿಗ್ಗೆ ಹತ್ತರೊಳಗೆ ಹೋಗದಿದ್ದರೆ ‘ಈ ವರ್ಷ ಇಲ್ಲ’ ಎಂದು ತಪ್ಪು ಬರೆಯುವ ಸಂಭವವೇ ಹೆಚ್ಚು.

ತಗ್ಗು ಮೂಲೆಯಲ್ಲಿ ನೀರು ನಿಂತ ರಾತ್ರಿ ಗೂಳಿಕಪ್ಪೆಯ ಗಂಡು ಹಸಿರು-ಕಂದಿನಿಂದ ಅರಿಸಿನ ಬಣ್ಣಕ್ಕೆ ತಿರುಗುತ್ತದೆ. ಕೆನ್ನೆಯ ಎರಡು ಪಕ್ಕ ನೀಲಿ ಚೀಲ ಊದಿ ಕೂಗುತ್ತದೆ. ಬಣ್ಣ ಉಳಿಯುವುದು ಕೆಲವೇ ದಿನ. ಆ ನೀರು ಎಷ್ಟು ದಿನ ನಿಂತಿತು ಎಂದು ಎಣಿಸುವುದು ಇಲ್ಲಿ ಮುಖ್ಯ. ಗೊದಮೊಟ್ಟೆ ಕಪ್ಪೆಯಾಗಲು ಸುಮಾರು ಒಂದು ತಿಂಗಳು ಬೇಕು. ಹತ್ತು ದಿನಕ್ಕೆ ಗುಂಡಿ ಬತ್ತಿದರೆ ಆ ಮೂಲೆಯಲ್ಲಿ ಇಟ್ಟ ಮೊಟ್ಟೆಯೆಲ್ಲ ವ್ಯರ್ಥ. ಕೃಷಿಹೊಂಡ ಇರುವ ಹೊಲದಲ್ಲೂ ಇಲ್ಲದ ಹೊಲದಲ್ಲೂ ಕಪ್ಪೆ ಎಣಿಸಿ ನೋಡಿ. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರೆ ಒಂದು ಕಡೆ ಹಗ್ಗವೋ ಒರಟು ಗೋಣಿಯೋ ಇಳಿಬಿಡಿ. ಜಾರುವ ಹಾಳೆಯ ಮೇಲೆ ಹತ್ತಲಾರದೆ ಕಪ್ಪೆ, ಹಾವು, ಮೊಲದ ಮರಿ ಮುಳುಗುತ್ತವೆ.

ಕಾಂಗ್ರೆಸ್ ಗಿಡವನ್ನು ಬೈಯುತ್ತಲೇ ಅದರ ಎಲೆಯನ್ನು ತಿರುಗಿಸಿ ನೋಡುವುದೂ ಒಳ್ಳೆಯ ಅಭ್ಯಾಸ. ಅರ್ಧ ಸೆಂಟಿಮೀಟರಿಗಿಂತ ತುಸು ದೊಡ್ಡದಾದ, ಕೆನೆಬಣ್ಣದ ಬೆನ್ನಿನ ಮೇಲೆ ಕಡುಕಂದು ಗೆರೆಗಳಿರುವ ದುಂಬಿ ಸಿಗುತ್ತದೆ. ಇದು ಇಲ್ಲಿಯದಲ್ಲ. ಕಾಂಗ್ರೆಸ್ ಗಿಡವನ್ನು ತಿನ್ನಿಸಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ. ಬೇಸಗೆಯೆಲ್ಲ ಮಣ್ಣಿನಲ್ಲಿ ನಿದ್ರೆ, ಮಳೆ ಬಿದ್ದ ಮೇಲೆ ಮೇಲಕ್ಕೆ. ಎಲೆಯಡಿಯ ಹಳದಿ ಮೊಟ್ಟೆ, ಸುಳಿಯನ್ನು ಕೊರೆಯುವ ಮರಿಹುಳು, ಬೋಳಾದ ಗಿಡ ಎಲ್ಲವನ್ನೂ ಎಂಟು ಹತ್ತು ವಾರದಲ್ಲಿ ಒಂದೇ ಬದುವಿನ ಮೇಲೆ ನೋಡಬಹುದು. ಗಿಡ ದುಂಬಿಗಿಂತ ಮೊದಲೇ ಮೊಳೆತು ಹೂವಿಗೆ ಬಂದುಬಿಟ್ಟ ವರ್ಷ ದುಂಬಿ ಎಷ್ಟಿದ್ದರೂ ಬೀಜ ಉದುರುತ್ತದೆ. ಇವುಗಳ ನಡುವಿನ ಅಂತರ ಎಷ್ಟು ದಿನ ಎಂಬುದನ್ನು ನಿಮ್ಮ ಪುಸ್ತಕವೇ ಹೇಳಬಲ್ಲದು.

ಬಿಸಿಲಿನ ಲೆಕ್ಕ ಇಟ್ಟವು

ನಮ್ಮ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೆ. ಉತ್ತರದ ದೂರದ ನಾಡುಗಳಲ್ಲಿ ಅದು ಹತ್ತು ಗಂಟೆಗೂ ಮಿಕ್ಕಬಹುದು. ಅಲ್ಲಿ ಮರಿ ಮಾಡುವ ಹಕ್ಕಿ ಹಗಲು ಕುಗ್ಗುವುದನ್ನು ಮೈಯಿಂದಲೇ ಅರಿತು ಹೊರಡುತ್ತದೆ. ಹಾಗಾಗಿ ಬೂದು ಕುಂಡೆಕುಸ್ಕ, ಹಳದಿ ಕುಂಡೆಕುಸ್ಕ, ಕಂದು ಕಳಿಂಗ ಇಲ್ಲಿಗೆ ಬರುವ ದಿನ ನಮ್ಮ ಮಳೆಯನ್ನು ಕೇಳುವುದಿಲ್ಲ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ ಬಂದು ಮಾರ್ಚ್-ಏಪ್ರಿಲ್‌ನಲ್ಲಿ ಹೋಗುತ್ತವೆ.

ಕಂದು ಕಳಿಂಗ ಇವುಗಳಲ್ಲಿ ಗಮನಿಸಲು ಸುಲಭ. ಬಂದ ಹೊಸತರಲ್ಲಿ ಜಾಗ ಹಿಡಿಯಲು ಬೆಳಿಗ್ಗೆ ಸಂಜೆ ಕರ್ಕಶವಾಗಿ ಚೀರುತ್ತದೆ, ಆಮೇಲೆ ಮೌನ. ಒಂದೇ ಪೊದೆಯ ತುದಿಯಲ್ಲಿ ಚಳಿಗಾಲವೆಲ್ಲ ಕೂರುತ್ತದೆ. ಹಿಂದಿನ ವರ್ಷದ ಜಾಗಕ್ಕೇ ಮರಳುವುದು ಇದರ ಗುಣ. ಬದುವಿನ ಆ ಬೋರೆ ಪೊದೆಯನ್ನು ಬೇಸಗೆಯಲ್ಲಿ ಕಡಿದಿದ್ದರೆ ಸೆಪ್ಟೆಂಬರಿನಲ್ಲಿ ಹಕ್ಕಿ ಎಲ್ಲಿ ಕೂತಿತು, ಕೂತಿತೇ ಇಲ್ಲವೇ ಎಂದು ನೋಡಲು ಆ ತಿಂಗಳ ನಡಿಗೆ ತಪ್ಪಿಸಬಾರದು.

ಚಾತಕದ ವಿಷಯದಲ್ಲಿ ಒಂದು ಎಚ್ಚರ. ಉತ್ತರ ಭಾರತದಲ್ಲಿ ಅದು ಆಫ್ರಿಕದಿಂದ ಮುಂಗಾರಿನ ಜೊತೆ ಬರುವ ಹಕ್ಕಿ, ಕವಿಗಳ ಚಾತಕವೂ ಅದೇ. ದಕ್ಷಿಣದಲ್ಲಿ ಇಲ್ಲೇ ನೆಲೆಸಿದ ಚಾತಕಗಳೂ ಇವೆ. ಕೋಲಾರದ ಹೊಲದಲ್ಲಿ ಜನವರಿಯಲ್ಲಿ ಚಾತಕ ಕಂಡರೆ ಮಳೆ ಬರುತ್ತದೆಂದು ಕಾಯುವುದು ಬೇಡ.

ನೇಗಿಲು ನೋಡಿ ಬರುವವು

ಮೂರನೆಯ ಗಡಿಯಾರ ಅತ್ಯಂತ ಗಟ್ಟಿಯಾಗಿ ಬಡಿಯುತ್ತದೆ, ಅದಕ್ಕೇ ಉಳಿದೆರಡರ ಸದ್ದನ್ನು ಮುಚ್ಚಿಬಿಡುತ್ತದೆ. ಯುಗಾದಿಯ ಹೊನ್ನಾರಿನಿಂದಲೇ, ಅಂದರೆ ವರ್ಷದ ಮೊದಲ ಉಳುಮೆಯಿಂದಲೇ, ಬೆಳ್ಳಕ್ಕಿ ಸಾಲು ಹಿಂದೆ ಬೀಳುತ್ತದೆ. ಆ ದಿನಗಳಲ್ಲಿ ಅದರ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತಿರುತ್ತದೆ, ಗೂಡಿನ ಕಾಲ ಹತ್ತಿರವಾಯಿತೆಂದು ಅರ್ಥ. ಉತ್ತ ದಿನ ಬೆಳ್ಳಕ್ಕಿ 40, ಮರುದಿನ ಸೊನ್ನೆ. ಉಳುಮೆಯ ವಿಷಯ ಬರೆಯದೆ ಬರೀ ಅಂಕಿ ಬರೆದವರು ಇದನ್ನು ‘ಏಪ್ರಿಲ್‌ನಲ್ಲಿ ಬೆಳ್ಳಕ್ಕಿ ವಲಸೆ’ ಎಂದು ತಿಳಿದುಕೊಂಡುಬಿಡಬಹುದು.

ಜುಲೈ-ಆಗಸ್ಟಿನಲ್ಲಿ ಕೂರಿಗೆ ಬಿತ್ತನೆ, ಮೂರು ವಾರಕ್ಕೆ ಎಡೆಕುಂಟೆ. ಪೈರು ಮೊಣಕಾಲೆತ್ತರ ಬರುವವರೆಗೆ ನೆಲಗುಬ್ಬಿಗೆ ಜಾಗವಿದೆ. ಸಾಲು ಮುಚ್ಚಿಕೊಂಡ ಮೇಲೆ ಅದು ಬದುವಿಗೆ ಸರಿಯುತ್ತದೆ, ಬುರ್ಲಿ ಒಳಗೆ ಸೇರುತ್ತದೆ. ಹಸ್ತ, ಚಿತ್ತೆ ಮಳೆಯಲ್ಲಿ ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿ ಹೂ ಬಿಡುತ್ತದೆ. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಜೇನಿನ ಉಪಕಾರ ಬೇಡ. ಹುಚ್ಚೆಳ್ಳು ಜೇನಿಲ್ಲದೆ ಸರಿಯಾಗಿ ಕಾಳು ಕಟ್ಟುವುದಿಲ್ಲ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಒಂದು ಮೀಟರ್ ಸಾಲಿನ ಮುಂದೆ ಐದು ನಿಮಿಷ ಕೂತು ತುಡುವೆ ಎಷ್ಟು, ಕೋಲುಜೇನು ಎಷ್ಟು, ಹೆಜ್ಜೇನು ಎಷ್ಟು ಎಂದು ಬೇರೆ ಬೇರೆ ಎಣಿಸಿ. ಮೂರು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಮೋಡದ ದಿನದ ಎಣಿಕೆಯನ್ನು ಬಿಸಿಲಿನ ದಿನದ್ದಕ್ಕೆ ಹೋಲಿಸಬೇಡಿ.

ತೆನೆ ಹಾಲುಗಟ್ಟಿದ ವಾರ ರಾಟವಾಳ ಹಕ್ಕಿಗಳ ಗುಂಪು ಬೀಳುತ್ತದೆ. ಕುಯಿಲಾದ ಮೇಲೆ ಕೂಳೆಯಲ್ಲಿ ಇಲಿ ಬಯಲಾಗುತ್ತದೆ, ಅದರ ಹಿಂದೆ ರಾಮದಾಸ ಹದ್ದು. ಬಿಳಿ ಮೈ, ಕಪ್ಪು ಭುಜ, ಕೆಂಪು ಕಣ್ಣು; ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಕಾಲು ಚಾಚಿ ಇಳಿಯುತ್ತದೆ. ರಾತ್ರಿ ಪಾಳಿಗೆ ಕಣಜ ಗೂಬೆ. ಇಲಿಗೆ ವಿಷ ಇಟ್ಟ ಹೊಲದ ಸುತ್ತ ಇವೆರಡನ್ನೂ ಗಮನಿಸಬೇಕು, ವಿಷ ತಿಂದ ಇಲಿಯನ್ನು ತಿಂದು ಇವೂ ಸಾಯುತ್ತವೆ. ಮಾಗಿ ಉಳುಮೆಯಲ್ಲಿ ಮಣ್ಣು ತಿರುವಿದಾಗ ಮೇಲೆ ಬರುವ ಹುಳುಗಳ ಕೋಶಗಳನ್ನು ಹಕ್ಕಿಗಳು ಹೆಕ್ಕುತ್ತವೆ. ಒಂದು ಮೀಟರ್ ಸಾಲಿನಲ್ಲಿ ಎಷ್ಟು ಕೋಶ ಇತ್ತು, ಎರಡು ಗಂಟೆ ಬಿಟ್ಟು ಎಷ್ಟು ಉಳಿಯಿತು ಎಂದು ಎಣಿಸಿದರೆ ಹಕ್ಕಿಯ ಕೂಲಿಯ ಲೆಕ್ಕ ಸಿಗುತ್ತದೆ.

ಮೂರೂ ಒಟ್ಟಿಗೆ: ಗೀಜಗ

ಗಡಿಯಾರಗಳು ಒಂದರ ಮೇಲೊಂದು ಬೀಳುವುದನ್ನು ನೋಡಬೇಕಾದರೆ ಗೀಜಗನ ಗೂಡಿರುವ ಮರದ ಮುಂದೆ ನಿಲ್ಲಬೇಕು. ಚಳಿಗಾಲದಲ್ಲಿ ಗಂಡು ಗೀಜಗ ಹೆಣ್ಣಿನ ಹಾಗೆಯೇ ಕಂದು, ಗುಬ್ಬಿ ಎಂದು ತಪ್ಪು ತಿಳಿಯುವಷ್ಟು. ಹಗಲು ಉದ್ದವಾಗುತ್ತ ಬಂದಂತೆ ನೆತ್ತಿ, ಎದೆ ಹಳದಿಯಾಗುತ್ತದೆ. ಅಷ್ಟಾದರೂ ಗೂಡು ಶುರುವಾಗುವುದಿಲ್ಲ, ಸೀಳಲು ಉದ್ದದ ಹಸಿರು ಗರಿ ಬೇಕು, ಅದಕ್ಕೆ ಮಳೆ ಬೇಕು. ಮರಿಗೆ ಹುಳು, ಆಮೇಲೆ ಹಾಲುಗಾಳು ಬೇಕು, ಅದಕ್ಕೆ ಪೈರು ಬೇಕು.

ಗಂಡು ಗರಿಯ ಅಂಚಿನಲ್ಲಿ ಕೊಕ್ಕಿನಿಂದ ಒಂದು ಕಚ್ಚು ಮಾಡಿ, ತುದಿ ಕಚ್ಚಿಕೊಂಡು ಹಾರಿ ಎಳೆ ಸೀಳುತ್ತದೆ. ಮೊದಲು ರೆಂಬೆಗೆ ಗಂಟು, ಆಮೇಲೆ ಒಂದು ಉಂಗುರ, ಆಮೇಲೆ ತಲೆಕೆಳಗಾದ ಬೋಗುಣಿಯಂಥ ಅರ್ಧಗೂಡು. ಪೂರ್ತಿ ಗೂಡಿಗೆ 18 ದಿನದಷ್ಟು ಹಿಡಿದರೆ ಬೋಗುಣಿಯ ಹಂತಕ್ಕೇ ಎಂಟು ದಿನ. ಅಲ್ಲಿ ಕೆಲಸ ನಿಲ್ಲುತ್ತದೆ. ಗಂಡು ಅದಕ್ಕೆ ಜೋತು ರೆಕ್ಕೆ ಬಡಿದು ಕೂಗುತ್ತದೆ, ಹೆಣ್ಣು ಬಂದು ಒಳಹೊಕ್ಕು ಎಳೆ ಜಗ್ಗಿ ನೋಡುತ್ತದೆ. ಒಪ್ಪಿದರೆ ಮೊಟ್ಟೆಯ ಕೋಣೆಯೂ ಕೆಳಗಿನ ಕೊಳವೆಯೂ ಬೆಳೆಯುತ್ತವೆ. ಒಪ್ಪದ ಗೂಡು ಬೋಗುಣಿಯಾಗಿಯೇ ಒಣಗುತ್ತದೆ.

ಆದ್ದರಿಂದ ‘ಗೂಡು 23’ ಎಂದು ಬರೆಯುವುದರಲ್ಲಿ ಅರ್ಥವಿಲ್ಲ. ಉಂಗುರ ಎಷ್ಟು, ಬೋಗುಣಿ ಎಷ್ಟು, ಕೊಳವೆ ಇರುವುದು ಎಷ್ಟು ಎಂದು ವಾರ ವಾರ ಬರೆಯಿರಿ. ಮರದ ಯಾವ ದಿಕ್ಕಿನಲ್ಲಿ ಹೆಚ್ಚು ಗೂಡಿವೆ ಎಂಬುದನ್ನೂ ಸೇರಿಸಿ. ನೈಋತ್ಯದ ಗಾಳಿಮಳೆಗೆ ಬೆನ್ನು ಮಾಡಿ ಪೂರ್ವದ ಕಡೆ ಜೋತುಬೀಳುವುದು ಸಾಮಾನ್ಯ. ಮಳೆ ತಡವಾದ ವರ್ಷ ಹಳದಿ ಬಣ್ಣ ಬಂದ ತಾರೀಕಿಗೂ ಮೊದಲ ಉಂಗುರದ ತಾರೀಕಿಗೂ ನಡುವಿನ ಅಂತರ ಹಿಗ್ಗುತ್ತದೆ. ಒಂದು ಗಡಿಯಾರ ಮುಂದೆ ಹೋಗಿ ಇನ್ನೊಂದಕ್ಕಾಗಿ ಕಾಯುತ್ತಿರುವುದು ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣಸಿಗದು. ಚಳಿಗಾಲದಲ್ಲಿ ಖಾಲಿ ಗೂಡನ್ನು ಕಿತ್ತು ಮನೆಗೆ ತರಬೇಡಿ, ಬಿಳಿ ರಾಟವಾಳ ಅದರಲ್ಲಿ ಮಲಗುತ್ತದೆ, ಮರಿಯನ್ನೂ ಮಾಡುತ್ತದೆ.

ಟಿಟ್ಟಿಭದ ಮೊಟ್ಟೆಯ ಶಕುನವನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. ದಿಬ್ಬದಲ್ಲಿ ಇಟ್ಟರೆ ಮಳೆ ಜೋರು, ತಗ್ಗಿನಲ್ಲಿ ಇಟ್ಟರೆ ಬರ ಎನ್ನುತ್ತಾರೆ. ಟಿಟ್ಟಿಭ ಮಾರ್ಚಿನಿಂದ ಆಗಸ್ಟ್‌ವರೆಗೆ ಮೊಟ್ಟೆ ಇಡುವ ಹಕ್ಕಿ. ಆ ಅವಧಿಯಲ್ಲಿ ಅದಕ್ಕೆ ಬೇಕಾದದ್ದು ಸುತ್ತಲೂ ಕಾಣುವ ಬೋಳು ನೆಲ. ನಿಮ್ಮ ಹೊಲದ ಯಾವ ಭಾಗ ಉಳದೆ ಬಿಟ್ಟಿತ್ತು ಎಂಬುದೇ ಜಾಗವನ್ನು ತೀರ್ಮಾನಿಸಿರುತ್ತದೆ. ಮೂರು ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ, ಕಾವು ಸುಮಾರು 28ರಿಂದ 30 ದಿನ. ಉಳುವಾಗ ಸಿಕ್ಕರೆ ನಾಲ್ಕು ಮೂಲೆಗೆ ಕೋಲು ನೆಟ್ಟು ಎರಡು ಮೀಟರ್ ಚೌಕ ಬಿಟ್ಟು ಉಳಿ. ಮೊಟ್ಟೆಯನ್ನು ಎತ್ತಿ ಬದುವಿಗೆ ಇಟ್ಟರೆ ತಾಯಿ ಹೆಚ್ಚಾಗಿ ಬಿಟ್ಟುಹೋಗುತ್ತದೆ. ಮರಿ ಒಡೆದು ಹೊರಬಂದ ದಿನವೇ ನಡೆಯುವುದರಿಂದ ಆ ಚೌಕ ಮತ್ತೆ ನಿಮ್ಮದೇ.

ರಾತ್ರಿ ಬಂದು ಹೋದವರು

ಮೊಲ, ಮುಂಗುಸಿ, ಕಾಡುಹಂದಿ, ಪುನುಗುಬೆಕ್ಕು ಹೆಚ್ಚಾಗಿ ಗುರುತಿನಲ್ಲೇ ಸಿಗುವುದು. ಬದು ಒಡೆದು ದಾರಿಯಾದ ಕಡೆ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲಕ್ಕೆ ಜರಡಿ ಹಿಡಿದ ಮಣ್ಣನ್ನು ಒಂದು ಬೆರಳು ದಪ್ಪ ಹರಡಿ, ಸಂಜೆ ಹಲಗೆಯಿಂದ ಸಮ ಮಾಡಿ. ಬೆಳಿಗ್ಗೆ ಬಿಸಿಲು ಓರೆಯಾಗಿರುವಾಗಲೇ ನೋಡಿ, ನೆತ್ತಿಯ ಬಿಸಿಲಿನಲ್ಲಿ ಹೆಜ್ಜೆಯ ನೆರಳು ಮಾಯವಾಗಿ ಏನೂ ಕಾಣುವುದಿಲ್ಲ. ನಾಲ್ಕು ಬೆರಳು, ಉಗುರಿಲ್ಲ ಎಂದರೆ ಬೆಕ್ಕಿನ ಜಾತಿ. ನಾಲ್ಕು ಬೆರಳು, ಉಗುರಿದೆ ಎಂದರೆ ನಾಯಿ ಅಥವಾ ನರಿ. ನರಿಯದು ಉದ್ದಕ್ಕೆ, ಕಿರಿದು. ಐದು ಬೆರಳಿನ ಗುರುತು, ಮುಂದೆ ಉಗುರಿನ ಚುಕ್ಕೆ ಬಿದ್ದಿದ್ದರೆ ಮುಂಗುಸಿ. ಅಳತೆಗೆ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟು ಫೋಟೊ ತೆಗೆಯಿರಿ. ಅಳತೆಯಿಲ್ಲದ ಹೆಜ್ಜೆಯ ಫೋಟೊದಿಂದ ನಾಯಿ ಚಿರತೆಯಾಗಿ ಊರೆಲ್ಲ ಸುತ್ತುತ್ತದೆ.

ಟಾರ್ಚ್, ಮೊಣಕಾಲಿನವರೆಗೆ ಬೂಟು ಇಲ್ಲದೆ ಕತ್ತಲಲ್ಲಿ ಬದು ಹತ್ತಬಾರದು. ಕೊಳಕುಮಂಡಲ ಇಲಿ ಇರುವ ಕಡೆಯೇ ಇರುತ್ತದೆ, ತರಗೆಲೆಯಲ್ಲಿ ಕಾಣುವುದಿಲ್ಲ. ಬಿಲದೊಳಗೆ, ರಾಗಿ ಮೆದೆಯ ಅಡಿಗೆ ಕೈ ಹಾಕಬಾರದು. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬಿಟ್ಟು ಕಾಲನ್ನು ಅಲುಗಾಡಿಸದೆ 108ಕ್ಕೆ ಕರೆಮಾಡಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಬೇಕು. ಬಿಸಿಲಿನಲ್ಲಿ ಹೆಣೆದುಕೊಂಡು ಎದ್ದು ನಿಲ್ಲುವ ಎರಡು ಕೇರೆಹಾವು ಕಂಡರೆ ಅದು ಮಿಲನವಲ್ಲ, ಎರಡು ಗಂಡುಗಳ ಕುಸ್ತಿ. ದೂರದಿಂದ ನೋಡಿ, ಎಷ್ಟು ಹೊತ್ತು ನಡೆಯಿತು ಬರೆದುಕೊಳ್ಳಿ.

ಸೊನ್ನೆಯ ಬೆಲೆ

ಹೊಸಬರ ಪುಸ್ತಕದಲ್ಲಿ ಅಪರೂಪದ್ದು ತುಂಬಿರುತ್ತದೆ, ಕಾಗೆ ಇರುವುದಿಲ್ಲ. ಕಂಡದ್ದೆಲ್ಲವನ್ನೂ ಬರೆದರೆ ಮಾತ್ರ ಕಾಣದ್ದಕ್ಕೆ ಅರ್ಥ ಬರುತ್ತದೆ. ಪಟ್ಟಿ ಪೂರ್ತಿಯಾಗಿದ್ದು ಅದರಲ್ಲಿ ನೀಲಕಂಠ ಇಲ್ಲ ಎಂದರೆ ಆ ದಿನ ನೀಲಕಂಠ ಸೊನ್ನೆ. ಪಟ್ಟಿ ಅರೆಬರೆಯಾಗಿದ್ದರೆ, ಇತ್ತೋ ಬರೆಯಲಿಲ್ಲವೋ ಯಾರಿಗೆ ಗೊತ್ತು? ಭಾರತದ 942 ಹಕ್ಕಿಗಳ ಸ್ಥಿತಿಯನ್ನು ಅಂದಾಜಿಸಿದ 2023ರ ವರದಿ ನಿಂತಿದ್ದು 30,000ಕ್ಕೂ ಹೆಚ್ಚು ಜನ ಹಕ್ಕಿ ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಬರೆದ ಇಂಥ ಪಟ್ಟಿಗಳ ಮೇಲೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಮುಖವಾಗಿದೆ, ನವಿಲು ಹೆಚ್ಚುತ್ತಿದೆ ಎಂದು ಅದರಲ್ಲಿ ಗೊತ್ತಾದದ್ದು ಹಕ್ಕಿ ಕಾಣದ ದಿನಗಳನ್ನೂ ಲೆಕ್ಕಕ್ಕೆ ಹಿಡಿದಿದ್ದರಿಂದ. ನಿಮ್ಮ ಪಟ್ಟಿಯನ್ನೂ ಅಲ್ಲಿ ಸೇರಿಸಬಹುದು, ಕನಿಷ್ಠ 15 ನಿಮಿಷದ್ದಾಗಿರಲಿ. ಗೂಬೆಯ ಪೊಟರೆ, ನಕ್ಷತ್ರ ಆಮೆಯ ಜಾಗವನ್ನು ಮಾತ್ರ ಎಲ್ಲಿಯೂ ನಕ್ಷೆಯ ಗುರುತಿನೊಂದಿಗೆ ಹಾಕಬೇಡಿ. ಹುಡುಕಿಕೊಂಡು ಬರುವವರಲ್ಲಿ ಎಲ್ಲರೂ ನೋಡಲು ಬರುವವರಲ್ಲ.

ಮರಗಳಿಗೂ ಇದೇ ನಿಯಮ. ‘ಹೊಂಗೆ ಚಿಗುರಿತು’ ಎಂದಲ್ಲ, ಬಣ್ಣದ ದಾರ ಕಟ್ಟಿ ಗುರುತಿಟ್ಟ ಆ ಒಂದು ಹೊಂಗೆಯ ವಿಷಯ ಬರೆಯಿರಿ. ಪಕ್ಕಪಕ್ಕದ ಎರಡು ಹೊಂಗೆಗಳ ನಡುವೆಯೇ ಎರಡು ವಾರದ ವ್ಯತ್ಯಾಸ ಇರಬಹುದು. ಚಿಗುರು, ಹೂ, ಕಾಯಿ ಒಂದೊಂದಕ್ಕೂ ‘ಇಲ್ಲ, ಸ್ವಲ್ಪ, ತುಂಬ’ ಎಂಬ ಮೂರು ಅಳತೆ ಸಾಕು. ಹೊಂಗೆ, ಬೇವು ಹಳೆ ಎಲೆ ಉದುರಿಸಿ ಚಿಗುರುವುದು ಇನ್ನೂ ಮಳೆ ಬಾರದ ಫೆಬ್ರವರಿ-ಮಾರ್ಚಿನಲ್ಲಿ. ಬೇರು ಆಳಕ್ಕೆ ಹೋದವು ಮೇಲಿನ ಮಳೆಗೆ ಕಾಯುವುದಿಲ್ಲ. ತುಂಬೆ, ಅಣ್ಣೆಸೊಪ್ಪು ಕಾಯುತ್ತವೆ.

ಮೊದಲ ವರ್ಷದ ಪುಸ್ತಕದಿಂದ ತೀರ್ಮಾನ ಹೊರಡಿಸಲು ಹೋಗಬೇಡಿ. ಮೂರನೆಯ ವರ್ಷ ರೋಹಿಣಿಯ ಮೂರು ಪುಟಗಳನ್ನು ಪಕ್ಕಪಕ್ಕ ಇಟ್ಟು, ಮಳೆಯ ಅಂಕಿಯ ಅಡಿಗೆ ನೀಲಿ ಗೆರೆ, ಬೇಸಾಯದ ಕೆಲಸದ ಅಡಿಗೆ ಕೆಂಪು ಗೆರೆ ಎಳೆಯಿರಿ. ಮೂರೂ ವರ್ಷ ಒಂದೇ ತಾರೀಕಿಗೆ ಕಂಡದ್ದು ಬಿಸಿಲಿನ ಲೆಕ್ಕದ್ದು. ನೀಲಿ ಗೆರೆಯ ಜೊತೆ ಹಿಂದೆ ಮುಂದೆ ಸರಿದದ್ದು ಮಳೆಯದು. ಕೆಂಪು ಗೆರೆಯ ಜೊತೆ ಸರಿದದ್ದರಲ್ಲಿ ನಿಮ್ಮ ಕೈವಾಡವಿದೆ, ಅದನ್ನು ಬದಲಿಸಲೂಬಹುದು. ಕಳ್ಳಿಪೀರ ಹಕ್ಕಿ ಬದುವಿನ ಮಣ್ಣಿನಲ್ಲಿ ಸುರಂಗ ಕೊರೆದು ಮರಿ ಮಾಡುವುದು ಮಾರ್ಚಿನಿಂದ ಜೂನ್ ನಡುವೆ, ಬದು ಕೆತ್ತುವ ಕೆಲಸವನ್ನು ಜನವರಿಗೆ ತಂದರೆ ಅದಕ್ಕೆ ತೊಂದರೆಯಿಲ್ಲ. ರಾಗಿ ಕುಯ್ಯುವಾಗ ನಾಲ್ಕೂ ಸುತ್ತಿನಿಂದ ಒಳಕ್ಕೆ ಬರುವ ಬದಲು ಒಂದು ಬದಿಯಿಂದ ಇನ್ನೊಂದು ಬದಿಗೆ ಕುಯ್ದರೆ ಬುರ್ಲಿಯೂ ಮೊಲವೂ ಆಚೆ ಬದುವಿನ ಕಡೆಗೆ ಜಾರಿಕೊಳ್ಳುತ್ತವೆ.